ಇನ್‌ಫ್ರಾರೆಡ್ ಪ್ಯಾನೆಲ್ ಇರುವ ಫ್ಲ್ಯಾಟ್ ಒಪ್ಪಿಕೊಳ್ಳುವ ಮುಂಚೆ

ತಂಗೀ, ಅಕ್ಕಾ ಅಂತ ಕರೆದು ಕೇಳಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಶಿವಮೊಗ್ಗದ ಆಸ್ಪತ್ರೆ ಬಿಟ್ಟು ಜನವರಿಯಲ್ಲಿ ಮ್ಯಾಂಚೆಸ್ಟರ್ ಕಡೆ ನರ್ಸ್ ಆಗಿ ಸೇರುತ್ತಿದ್ದೀಯ. ಗಂಡ, ಎರಡು ವರ್ಷದ ಮಗು ಜೊತೆಗೆ ಬರುತ್ತಾರೆ. ಒಂದು ಹೌಸಿಂಗ್ ಅಸೋಸಿಯೇಷನ್ (ಲಾಭಕ್ಕಲ್ಲದೆ ಕಡಿಮೆ ಬಾಡಿಗೆಗೆ ಮನೆ ಕೊಡುವ ಸಂಸ್ಥೆ) ಫ್ಲ್ಯಾಟ್ ಕೊಡುತ್ತೇವೆ ಅಂದಿದೆ. ಅಲ್ಲಿ ರೇಡಿಯೇಟರ್ ಇಲ್ಲ, ಚಾವಣಿಗೆ ಬಿಳಿ ಇನ್‌ಫ್ರಾರೆಡ್ ಪ್ಯಾನೆಲ್ ಹಾಕಿದ್ದಾರೆ. ಮಗುವಿಗೆ ತೊಂದರೆ ಆಗುತ್ತಾ, ಬಿಲ್ ಎಷ್ಟು ಬರುತ್ತೆ, ಇಲ್ಲಿಂದ ರೂಮ್ ಹೀಟರ್ ತರಲಾ ಅಂತ ನಿನ್ನ ಪ್ರಶ್ನೆ.

ನಾನು ಆ ಊರಲ್ಲಿ ಬಹಳ ವರ್ಷದಿಂದ ಇದ್ದೇನೆ. ಇಂಥ ಮನೆಗಳ ಬಾಡಿಗೆದಾರರ ದೂರು ಕೇಳುವುದೇ ನನ್ನ ಕೆಲಸ. ಈಗ ರಜೆಗೆ ತೀರ್ಥಹಳ್ಳಿಗೆ ಬಂದಿದ್ದೇನೆ. ಮನೆಯಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿ, ಆದರೂ ಇದನ್ನು ವಿವರವಾಗಿಯೇ ಬರೆಯಬೇಕು ಅನ್ನಿಸಿತು.

ಮೊದಲು ಮಗುವಿನ ವಿಷಯ. ಹೆದರಬೇಡ. ಹೆಸರು ಕೇಳಿ ಎಕ್ಸ್‌ರೇ ಥರ ಏನೋ ಅಂದುಕೊಳ್ಳುವವರು ಜಾಸ್ತಿ. ಇದು ಬರೀ ಶಾಖ. ಬಚ್ಚಲ ಒಲೆ ಮುಂದೆ ಕೂತರೆ ಮುಖ ಕಾಯುತ್ತದೆ, ಬೆನ್ನು ತಣ್ಣಗೇ ಇರುತ್ತದೆ, ಅಲ್ವಾ? ಪ್ಯಾನೆಲ್ ಕೆಲಸ ಮಾಡುವುದೂ ಹಾಗೆಯೇ. ಗಾಳಿಗಿಂತ ಹೆಚ್ಚಾಗಿ ಎದುರಿಗೆ ಸಿಕ್ಕಿದ್ದನ್ನು ಬಿಸಿ ಮಾಡುತ್ತದೆ: ನಿನ್ನ ಮೈ, ನೆಲ, ಗೋಡೆ. ಪ್ಯಾನೆಲ್ ಮೈ ಮಾತ್ರ 80ರಿಂದ 100 ಡಿಗ್ರಿವರೆಗೆ ಕಾಯುತ್ತದೆ. ಹಾಗಾಗಿ ಮಗು ಇರುವ ಮನೆಗೆ ಚಾವಣಿಯ ಪ್ಯಾನೆಲ್ಲೇ ಒಳ್ಳೆಯದು. ಗೋಡೆಯಲ್ಲಿ ಕೈಗೆ ಸಿಗುವ ಹಾಗೆ ಇದ್ದರೆ ಬೇಡ ಅನ್ನು.

ಈಗ ಬಿಲ್. ಇಲ್ಲೇ ಸರಿಯಾಗಿ ಲೆಕ್ಕ ಹಾಕಬೇಕು. 600 ವಾಟಿನ ಪ್ಯಾನೆಲ್ ಐದು ಗಂಟೆ ಉರಿದರೆ 3 ಯೂನಿಟ್. ಅಂಥ ಎರಡು ಪ್ಯಾನೆಲ್ ತಿಂಗಳಿಡೀ ಓಡಿದರೆ 180 ಯೂನಿಟ್. ಊರಲ್ಲಿ ಗೃಹಜ್ಯೋತಿ ಬಂದಮೇಲೆ 200 ಯೂನಿಟ್‌ವರೆಗೆ ಸೊನ್ನೆ ಬಿಲ್ ನೋಡಿ ಅಭ್ಯಾಸ ಆಗಿದೆ. ಅಲ್ಲಿ 2025ರ ಕೊನೆಯಲ್ಲಿ ಯೂನಿಟ್ಟಿಗೆ ಸುಮಾರು 26 ಪೆನ್ಸ್ ಇತ್ತು. ಆ ದರದಲ್ಲಿ 180ಕ್ಕೆ 47 ಪೌಂಡ್ ಹತ್ತಿರ ಆಯಿತು. ಅಡುಗೆ, ಸ್ನಾನದ ನೀರು, ಬಳಸದಿದ್ದರೂ ಕಟ್ಟಬೇಕಾದ ದಿನದ ಸ್ಟ್ಯಾಂಡಿಂಗ್ ಚಾರ್ಜ್ ಎಲ್ಲ ಇದರ ಮೇಲೆ. ಇನ್‌ಫ್ರಾರೆಡ್ ಹಾಕಿದರೆ ಕರೆಂಟು ಅರ್ಧಕ್ಕರ್ಧ ಉಳಿಯುತ್ತದೆ ಅಂತ ಮಾರುವವರು ಹೇಳುತ್ತಾರೆ. ಸುಮ್ನೆ ನಂಬಬೇಡ. ಒಂದು ಯೂನಿಟ್ ಕರೆಂಟಿಗೆ ಸಿಗುವುದು ಒಂದು ಯೂನಿಟ್ ಶಾಖ, ಅಷ್ಟೆ. ಹೊರಗಿನ ಶಾಖವನ್ನು ಎಳೆದು ಒಳಗೆ ತರುವ ಹೀಟ್ ಪಂಪ್ ಅದೇ ಕರೆಂಟಿಗೆ ಸುಮಾರು ಮೂರು ಪಟ್ಟು ಶಾಖ ಕೊಡುತ್ತದೆ. ಪ್ಯಾನೆಲ್ಲಿನಲ್ಲಿ ಉಳಿತಾಯ ಆಗುವುದು ಬೇಕಾದ ಕೋಣೆಗೆ, ಬೇಕಾದ ಹೊತ್ತಿಗೆ ಮಾತ್ರ ಹಾಕಿಕೊಂಡಾಗ. ರಾತ್ರಿ ಪಾಳಿ ಮುಗಿಸಿ ಬಂದು ನೀನು ಸ್ವಿಚ್ ಹಾಕಿದರೆ ಕೆಲವೇ ನಿಮಿಷದಲ್ಲಿ ಬೆಚ್ಚಗಾಗುತ್ತದೆ. ಒಬ್ಬಳೇ ಇದ್ದಿದ್ದರೆ ಇದು ಸಾಕು ಅನ್ನುತ್ತಿದ್ದೆ. ಮಗು ಇಡೀ ದಿನ ಮನೆಯಲ್ಲಿರುತ್ತೆ ಅಂದಮೇಲೆ ಲೆಕ್ಕವೇ ಬೇರೆ.

ಇನ್ನೊಂದು ಕಡೆ ತುಂಬ ಜನ ಸಿಕ್ಕಿಬೀಳುತ್ತಾರೆ. ಹಳೇ ಕೌನ್ಸಿಲ್ (ನಮ್ಮ ನಗರಸಭೆ ಥರ) ಕಟ್ಟಡಗಳಲ್ಲಿ ಮೊದಲು ಸ್ಟೋರೇಜ್ ಹೀಟರ್ ಇರುತ್ತಿತ್ತು. ರಾತ್ರಿ ಅಗ್ಗದ ಕರೆಂಟಿನಲ್ಲಿ ಒಳಗಿನ ಇಟ್ಟಿಗೆ ಕಾಯಿಸಿ, ಹಗಲು ಶಾಖ ಬಿಡುವಂಥದ್ದು. ಅದಕ್ಕೆ ಎಕಾನಮಿ 7 ಅಂತ ದರ. ರಾತ್ರಿ ಹೊತ್ತು ಏಳು ತಾಸು ಅಗ್ಗ, ಹಗಲು ಮಾಮೂಲಿಗಿಂತ ದುಬಾರಿ. ಹೀಟರ್ ಕಿತ್ತು ಪ್ಯಾನೆಲ್ ಹಾಕುತ್ತಾರೆ, ದರ ಹಾಗೇ ಉಳಿದಿರುತ್ತದೆ. ಪ್ಯಾನೆಲ್ ಉರಿಯುವುದು ಹಗಲು, ಸಂಜೆ. ಬಡವರು ಏನೂ ಗೊತ್ತಾಗದೆ ಆ ದುಬಾರಿ ದರವನ್ನೇ ಕಟ್ಟುತ್ತಿರುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ನೀರು ಕಾಯಿಸುವ ಇಮ್ಮರ್ಶನ್ ರಾತ್ರಿ ಓಡುತ್ತದಾದರೆ ಎಕಾನಮಿ 7, ಒಂದೇ ದರ ಎರಡರಲ್ಲೂ ಲೆಕ್ಕ ಹಾಕಿ ನೋಡು. ಇಲ್ಲದಿದ್ದರೆ ಕಂಪನಿಗೆ ಫೋನ್ ಮಾಡಿ ಒಂದೇ ದರಕ್ಕೆ ಬದಲಾಯಿಸಿಕೋ. ಬಿಲ್ ನಿನ್ನ ಹೆಸರಲ್ಲಿದ್ದರೆ ಕಂಪನಿ ಬದಲಾಯಿಸುವ ಹಕ್ಕೂ ನಿನ್ನದೇ.

ಮನೆ ಕಾಯಿಸಲು ಗ್ಯಾಸ್ ಯಾಕಿಲ್ಲ ಅಂತಲೂ ಕೇಳಿದ್ದೀಯ. 1968ರಲ್ಲಿ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಮಹಡಿ ಕಟ್ಟಡದಲ್ಲಿ ಗ್ಯಾಸ್ ಸಿಡಿದು ಒಂದು ಮೂಲೆ ಪೂರ್ತಿ ಕುಸಿಯಿತು, ನಾಲ್ವರು ಸತ್ತರು. ಆಮೇಲೆ ಅಂಥ ಎಷ್ಟೋ ಕಟ್ಟಡಗಳಿಂದ ಗ್ಯಾಸ್ ತೆಗೆದರು. ಈಗ ಪ್ಯಾನೆಲ್ ಹಾಕುವುದಕ್ಕೆ ಬೇರೆ ಕಾರಣವೂ ಇದೆ. ಪೈಪ್ ಬೇಡ, ಪ್ರತಿ ವರ್ಷದ ಗ್ಯಾಸ್ ತಪಾಸಣೆ ಬೇಡ, ಹಾಕುವ ಖರ್ಚೂ ಕಮ್ಮಿ. ಮನೆ ಮಾಲೀಕರಿಗೆ ಉಳಿತಾಯ, ಕರೆಂಟ್ ಬಿಲ್ ಬಾಡಿಗೆದಾರರಿಗೆ. ಗೋಡೆಗೆ ಒಳ್ಳೆ ಇನ್ಸುಲೇಶನ್ (ಶಾಖ ಹೊರಗೆ ಹೋಗದ ಹಾಗೆ ತಡೆಯುವ ಪದರ) ಮಾಡಿ ಪ್ಯಾನೆಲ್ ಹಾಕಿದರೆ ನನ್ನ ತಕರಾರಿಲ್ಲ. ಗೋಡೆ ಹಾಗೇ ಬಿಟ್ಟು ಹಾಕುವುದು ಅನ್ಯಾಯ.

ಆದ್ದರಿಂದ ಮೊದಲು ಗೋಡೆಯ ಸ್ಥಿತಿ ನೋಡು. ಅದನ್ನು ಶಿವಮೊಗ್ಗದಲ್ಲಿ ಕೂತೇ ನೋಡಬಹುದು. ಮನೆ ಕಾಯಿಸಲು ಎಷ್ಟು ಇಂಧನ ಬೇಕು ಅಂತ ತಿಳಿಸುವ ಇಪಿಸಿ ಅಂತ ಒಂದು ಸರ್ಟಿಫಿಕೇಟ್ ಇರುತ್ತದೆ, ಎ ಇಂದ ಜಿ ತನಕ ದರ್ಜೆ, ಎ ಎಲ್ಲಕ್ಕಿಂತ ಒಳ್ಳೆಯದು. ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ದುಡ್ಡಿಲ್ಲದೆ ಸಿಗುತ್ತದೆ. ಅದರಲ್ಲಿ ಗೋಡೆ, ಕಿಟಕಿ ಎದುರಿಗೆ ಏನು ಬರೆದಿದೆ ಓದು. ಸರ್ಟಿಫಿಕೇಟಿನ ತಾರೀಖನ್ನೂ ನೋಡು. ಹತ್ತು ವರ್ಷ ನಡೆಯುತ್ತದಾದ್ದರಿಂದ ಪ್ಯಾನೆಲ್ ಹಾಕುವ ಮುಂಚಿನದೇ ಇರಬಹುದು. ಸಿ ಅಥವಾ ಮೇಲಿದ್ದರೆ ಧೈರ್ಯವಾಗಿ ಒಪ್ಪಿಕೋ. ಇ ಆಗಿದ್ದರೆ ನಾನಾದರೆ ಮಗುವನ್ನು ಕರೆದುಕೊಂಡು ಹೋಗುತ್ತಿರಲಿಲ್ಲ.

ಬೂಷ್ಟಿನ ಬಗ್ಗೆ ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮ ಹೆಂಚಿನ ಮನೆಯಲ್ಲಿ ಸಂದಿಯಿಂದ ಹಬೆ ಹೊರಗೆ ಹೋಗುತ್ತದೆ. ಅಲ್ಲಿ ಎಲ್ಲ ಮುಚ್ಚಿರುತ್ತದೆ. ಪ್ಯಾನೆಲ್ಲಿಗೆ ಎದುರಾದ ಗೋಡೆ ಒಣಗಿರುತ್ತದೆ. ಬೀರುವಿನ ಹಿಂದೆ, ಮಂಚದ ಕೆಳಗೆ ಶಾಖ ಮುಟ್ಟುವುದಿಲ್ಲ, ಕಪ್ಪಾಗುವುದೇ ಅಲ್ಲಿ. ಬೀರುವನ್ನು ಹೊರಗಡೆಯ ಗೋಡೆಗೆ ಆನಿಸಬೇಡ, ಒಂದು ಗೇಣು ಬಿಡು. ಕಡುಬು ಬೇಯಿಸುವಾಗ ಅಡುಗೆಮನೆ ಬಾಗಿಲು ಹಾಕಿಕೊಂಡು ಫ್ಯಾನ್ ಹಾಕು. ಕಿಟಕಿಯ ಮೇಲಿನ ಸಣ್ಣ ಗಾಳಿಕಿಂಡಿಯನ್ನು ಚಳಿಗೆ ಹೆದರಿ ಮುಚ್ಚಬೇಡ. ಎಲ್ಲಾದರೂ ಗೋಡೆಗೆ ಪ್ಯಾನೆಲ್ ಇದ್ದರೆ ಒದ್ದೆ ಬಟ್ಟೆಯನ್ನು ಅದರ ಮೇಲೆ ಹಾಕಲೇಬಾರದು. ಬೆಂಕಿ ಹತ್ತಬಹುದು.

ಇಷ್ಟೆಲ್ಲ ಮಾಡಿಯೂ ಬೂಷ್ಟು ಬಂದರೆ ಅದು ನಿನ್ನ ತಪ್ಪಲ್ಲ. ‘ನೀವು ಅಡುಗೆ ಜಾಸ್ತಿ ಮಾಡುತ್ತೀರಿ’ ಅಂತ ಹೇಳಿ ಅಸೋಸಿಯೇಷನ್‌ನವರು ಸಾಗಹಾಕಲು ನೋಡುತ್ತಾರೆ. ಒಪ್ಪಬೇಡ. 2020ರ ಡಿಸೆಂಬರಿನಲ್ಲಿ ಮ್ಯಾಂಚೆಸ್ಟರ್ ಪಕ್ಕದ ರಾಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ಮನೆಯ ಬೂಷ್ಟಿನಿಂದಲೇ ತೀರಿಕೊಂಡಿತು. ನಿನ್ನ ಮಗುವಿನದೇ ವಯಸ್ಸು. ಆ ಮಗುವಿನ ಹೆಸರಿನಲ್ಲೇ ಬಂದ ಕಾನೂನು 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡಿನ ಸೋಷಿಯಲ್ ಹೌಸಿಂಗ್ (ಕೌನ್ಸಿಲ್, ಹೌಸಿಂಗ್ ಅಸೋಸಿಯೇಷನ್ ಕೊಡುವ ಮನೆ) ಬಾಡಿಗೆದಾರರಿಗೆ ಜಾರಿಯಲ್ಲಿದೆ. ಆರೋಗ್ಯಕ್ಕೋ ಸುರಕ್ಷತೆಗೋ ತಕ್ಷಣದ ದೊಡ್ಡ ಅಪಾಯ ಇದ್ದರೆ ಮನೆ ಮಾಲೀಕರು 24 ಗಂಟೆಯೊಳಗೆ ಕ್ರಮ ತೆಗೆದುಕೊಳ್ಳಬೇಕು. ದೊಡ್ಡ ಮಟ್ಟದ ತೇವ, ಬೂಷ್ಟು ಇದ್ದರೆ ಹತ್ತು ಕೆಲಸದ ದಿನದೊಳಗೆ ಬಂದು ಪರೀಕ್ಷೆ ಮಾಡಬೇಕು. ಆಸ್ಪತ್ರೆ ಸಿಬ್ಬಂದಿಗೆ ಕೊಡುವ ಮನೆ ಎಷ್ಟೋ ಸಲ ಲೈಸೆನ್ಸ್ (ಇರಲು ಬರೀ ಅನುಮತಿ) ಮೇಲೆ ಇರುತ್ತದೆ, ಟೆನೆನ್ಸಿ (ಬಾಡಿಗೆದಾರರ ಹಕ್ಕಿರುವ ಕರಾರು) ಆಗಿರುವುದಿಲ್ಲ. ಆಗ ಈ ಕಾನೂನು ನಿನಗೆ ಸಿಗದೆ ಹೋಗಬಹುದು. ಸಹಿ ಹಾಕುವ ಮುಂಚೆ ಯಾವುದು ಅಂತ ಮೇಲ್ ಮಾಡಿ ಕೇಳು, ಉತ್ತರ ಬರಹದಲ್ಲೇ ಇರಲಿ.

ಹೀಟರ್ ತರಬೇಡ. ಪ್ಲಗ್ಗೂ ಹೊಂದುವುದಿಲ್ಲ, ಬಿಲ್ಲೂ ಇಳಿಯುವುದಿಲ್ಲ. ಕೀ ಕೈಗೆ ಬಂದ ದಿನವೇ ಮೀಟರಿನ ಫೋಟೋ ತೆಗೆದು ಕರೆಂಟ್ ಕಂಪನಿಗೆ ಕಳಿಸು. ಇಲ್ಲದಿದ್ದರೆ ಹಿಂದಿನವರು ಬಳಸಿದ ಕರೆಂಟು ನಿನ್ನ ಬಿಲ್ಲಿಗೆ ಸೇರಿಬಿಡಬಹುದು. ಇಪಿಸಿ ಸಿಕ್ಕಮೇಲೆ ನನಗೂ ಕಳಿಸು, ಗೋಡೆ ಬಗ್ಗೆ ಬರೆದಿದ್ದನ್ನು ಕೂತು ಓದೋಣ.