ಕರೆಂಟು ಬಂತು, ರಾತ್ರಿಯ ಕೆಲಸ ಮಾತ್ರ ಶುರುವಾಗಲಿಲ್ಲ

ಈ ಸಲ ಕೊಡಗಿನಿಂದ ಬಂದ ಪತ್ರಗಳೇ ಜಾಸ್ತಿ. ಕೇಳಿರುವುದೂ ಹೆಚ್ಚುಕಮ್ಮಿ ಒಂದೇ ವಿಷಯ. ಡೇಟಾಬೇಸಿನಲ್ಲಿ ಹೊತ್ತು ಗೊತ್ತು ಮಾಡಿ ಇಟ್ಟಿದ್ದ ಜಾಬ್, ದಿನವೂ ತಾನಾಗಿ ಓಡುತ್ತಿದ್ದದ್ದು, ಸದ್ದಿಲ್ಲದೆ ನಿಂತುಹೋಗಿದೆ. ಹಾಗಾಗಿ ಈ ಬಾರಿಯ ಪುಟ ಪೂರ್ತಿ ಅದಕ್ಕೇ ಮೀಸಲು. ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಿ.

ಪ್ರಶ್ನೆ: ನಮ್ಮದು ಕಾಫಿ, ಕರಿಮೆಣಸು ಖರೀದಿ ಮಾಡುವ ಅಂಗಡಿ. ಲೆಕ್ಕ ಎಲ್ಲ ಮೈಸೀಕ್ವೆಲ್ 5.7 ಅನ್ನುವ ಡೇಟಾಬೇಸಿನಲ್ಲಿದೆ. ರಾತ್ರಿ 2 ಗಂಟೆಗೆ ಒಂದು ಇವೆಂಟ್ (ಮೈಸೀಕ್ವೆಲ್‌ನಲ್ಲಿ ಜಾಬ್‌ಗೆ ಇರುವ ಹೆಸರು) ಓಡಿ ಪ್ರತಿ ಬೆಳೆಗಾರರ ಬಾಕಿ ಕೂಡಿಸಿಡುತ್ತಿತ್ತು. ಜುಲೈ ಮಳೆಯಲ್ಲಿ ನಾಲ್ಕು ದಿನ ಕರೆಂಟು ಇರಲಿಲ್ಲ. ಬಂದ ಮೇಲೆ ಮಿಕ್ಕಿದ್ದೆಲ್ಲ ಸರಿ ಇದೆ, ಇದೊಂದು ಓಡುತ್ತಿಲ್ಲ. ಎರರ್ ಕೂಡ ಇಲ್ಲ. ಇವೆಂಟನ್ನು ಅಳಿಸಿ ಹೊಸದಾಗಿ ಬರೆದರೂ ಅದೇ ಕಥೆ. ಏನು ಮಾಡಲಿ?
– ಓದುಗರು, ಸೋಮವಾರಪೇಟೆ

ಉತ್ತರ: ಇವೆಂಟನ್ನು ಇನ್ನು ಮುಟ್ಟಬೇಡಿ. ಅದರಲ್ಲಿ ತಪ್ಪಿರುವ ಸಾಧ್ಯತೆ ಬಹಳ ಕಡಿಮೆ. ತೋಟದಲ್ಲಿ ರೈಟರ್ ಬರದ ದಿನ ಕೆಲಸ ಹಂಚುವವರೇ ಇರುವುದಿಲ್ಲ, ಆಳುಗಳು ಲೈನ್‌ಮನೆ ಮುಂದೆ ಕಾದು ಕೂತಿರುತ್ತಾರೆ, ಅಲ್ವಾ? ನಿಮ್ಮ ಇವೆಂಟ್ ಹಾಗೆ ಕಾದು ಕೂತಿದೆ. ಹೊತ್ತು ನೋಡಿ ಅದನ್ನು ಎಬ್ಬಿಸಬೇಕಾದ್ದು ಇವೆಂಟ್ ಶೆಡ್ಯೂಲರ್. ಅದೇ ಎದ್ದಿಲ್ಲ.

ನೋಡುವುದು ಸುಲಭ. ‘ಶೋ ವೇರಿಯಬಲ್ಸ್ ಲೈಕ್ ಇವೆಂಟ್_ಶೆಡ್ಯೂಲರ್’ ಕೊಡಿ. ಆಫ್ ಅಂತ ಬಂದರೆ ಕಾರಣ ಸಿಕ್ಕಿತು. ‘ಶೋ ಪ್ರೊಸೆಸ್‌ಲಿಸ್ಟ್’ ಕೊಟ್ಟರೂ ಗೊತ್ತಾಗುತ್ತದೆ, ಶೆಡ್ಯೂಲರ್ ಎದ್ದಿದ್ದರೆ ಆ ಪಟ್ಟಿಯಲ್ಲಿ ಇವೆಂಟ್_ಶೆಡ್ಯೂಲರ್ ಹೆಸರಿನ ಒಂದು ಸಾಲು ಇರುತ್ತದೆ. ‘ಶೋ ಇವೆಂಟ್ಸ್’ ನೋಡಿ ಸಮಾಧಾನ ಪಡಬೇಡಿ. ಶೆಡ್ಯೂಲರ್ ಮಲಗಿದ್ದರೂ ಅದರಲ್ಲಿ ಎನೇಬಲ್ಡ್ ಅಂತಲೇ ಇರುತ್ತದೆ, ಜಾಸ್ತಿ ಜನ ದಾರಿ ತಪ್ಪುವುದು ಇಲ್ಲೇ.

ಹಾಗಾದರೆ ಇಷ್ಟು ದಿನ ಹೇಗೆ ಓಡಿತು? ಮೈಸೀಕ್ವೆಲ್ 5.7ರಲ್ಲಿ ಈ ಶೆಡ್ಯೂಲರ್ ಮೊದಲಿಂದಲೇ ಆಫ್. ಸಾಫ್ಟ್‌ವೇರ್ ಹಾಕಿಕೊಟ್ಟವರು ‘ಸೆಟ್ ಗ್ಲೋಬಲ್’ ಕೊಟ್ಟು ಆನ್ ಮಾಡಿ ಹೋಗಿರಬೇಕು. ಹಾಗೆ ಮಾಡಿದ್ದು ಸರ್ವರ್ ಮತ್ತೆ ಶುರುವಾಗುವ ತನಕ ಮಾತ್ರ ಉಳಿಯುತ್ತದೆ. ಯುಪಿಎಸ್ ತಡೆದುಕೊಂಡಷ್ಟು ದಿನ ನಡೆಯಿತು, ಉದ್ದ ಕರೆಂಟು ಹೋದಾಗ ಸರ್ವರ್ ಪೂರ್ತಿ ಆರಿತು, ಸೆಟ್ಟಿಂಗ್ ಅದರ ಜೊತೆಗೇ ಹೋಯಿತು. ಈಗ ಮೈಸೀಕ್ವೆಲ್‌ನ ಸೆಟ್ಟಿಂಗ್ ಇರುವ ಮೈ.ಐಎನ್ಐ ಫೈಲ್ ತೆರೆದು ‘ಮೈಸೀಕ್ವೆಲ್‌ಡಿ’ ಭಾಗದ ಕೆಳಗೆ ‘ಇವೆಂಟ್_ಶೆಡ್ಯೂಲರ್=ಆನ್’ ಅಂತ ಒಂದು ಸಾಲು ಸೇರಿಸಿ, ಸರ್ವೀಸ್ ರೀಸ್ಟಾರ್ಟ್ ಮಾಡಿ. ಮೈಸೀಕ್ವೆಲ್ 8.0ರಿಂದ ಇದು ಮೊದಲೇ ಆನ್ ಇರುತ್ತದೆ. 5.7ಕ್ಕೆ 2023ರ ಅಕ್ಟೋಬರ್‌ನಲ್ಲೇ ಬೆಂಬಲ ನಿಂತಿದೆ, ಸುಗ್ಗಿ ಶುರುವಾಗುವ ಮೊದಲು ಮೇಲಿನ ಆವೃತ್ತಿಗೆ ಹೋಗುವುದು ಒಳ್ಳೆಯದು.

ನೀವು ಕೇಳದೇ ಇದ್ದರೂ ಇನ್ನೊಂದು ವಿಷಯ ಹೇಳಲೇಬೇಕು, ಯಾಕೆಂದರೆ ದುಡ್ಡಿನ ಲೆಕ್ಕ ಕೆಡುವುದು ಅಲ್ಲಿ. ಶೆಡ್ಯೂಲರ್ ಆನ್ ಮಾಡಿದ ಕೂಡಲೇ ತಪ್ಪಿದ ರಾತ್ರಿಗಳ ಕೆಲಸವನ್ನು ಮೈಸೀಕ್ವೆಲ್ ಹಿಂದೆ ಹೋಗಿ ಮಾಡುವುದಿಲ್ಲ. ಮುಂದಿನ 2 ಗಂಟೆಗೆ ಓಡುತ್ತದೆ, ಅಷ್ಟೇ. ನಿಮ್ಮ ಇವೆಂಟಿನೊಳಗೆ ‘ನಿನ್ನೆಯ ಖರೀದಿ ಕೂಡಿಸು’ ಅಂತ ಬರೆದಿದ್ದರೆ, ನಿಂತಿದ್ದ ಅಷ್ಟೂ ದಿನದ ಚೀಲಗಳು ಯಾರ ಬಾಕಿಗೂ ಸೇರದೆ ಹಾಗೇ ಉಳಿಯುತ್ತವೆ. ಬೆಳೆಗಾರರು ಬಂದು ಕೇಳುವ ತನಕ ನಿಮಗೆ ಗೊತ್ತಾಗುವುದೂ ಇಲ್ಲ. ಅದಕ್ಕೆ ಒಂದು ಪುಟ್ಟ ಟೇಬಲ್ ಮಾಡಿ, ಅದರಲ್ಲಿ ಯಾವ ತಾರೀಕಿನ ತನಕ ಲೆಕ್ಕ ಮುಗಿದಿದೆ ಅಂತ ಒಂದೇ ಸಾಲು ಇಡಿ. ಇವೆಂಟ್ ಮೊದಲು ಆ ತಾರೀಕು ಓದಲಿ, ಅದರ ಮಾರನೇ ದಿನದಿಂದ ನಿನ್ನೆಯ ತನಕ ಒಂದೊಂದೇ ದಿನ ಕೂಡಿಸುತ್ತಾ ಬರಲಿ, ಕೂಡಿಸಿದ್ದು ಮತ್ತು ತಾರೀಕು ಬದಲಿಸಿದ್ದು ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಇರಲಿ, ಅಂದರೆ ಆದರೆ ಎರಡೂ ಆಗಬೇಕು, ಇಲ್ಲದಿದ್ದರೆ ಎರಡೂ ಆಗಬಾರದು. ನಡುವೆ ಕರೆಂಟು ಹೋದರೂ ಅರ್ಧ ಲೆಕ್ಕ ಉಳಿಯಲ್ಲ, ಎರಡು ಸಲ ಕೂಡುವುದೂ ಇಲ್ಲ. ಇದಕ್ಕೆ ಟೇಬಲ್‌ಗಳು ಇನ್ನೋಡಿಬಿ ಅನ್ನುವ ಬಗೆಯವಾಗಿರಬೇಕು. ಹಳೆಯ ಮೈಐಸಮ್ ಆಗಿದ್ದರೆ ಟ್ರಾನ್ಸಾಕ್ಷನ್ ಕೆಲಸ ಮಾಡುವುದಿಲ್ಲ, ಮೊದಲು ಬದಲಿಸಿಕೊಳ್ಳಿ.

ಕಂಪ್ಯೂಟರಿನ ಗಡಿಯಾರವನ್ನೂ ನೋಡಿ. ಮದರ್‌ಬೋರ್ಡಿನ ಮೇಲಿರುವ ಸಣ್ಣ ಬಿಲ್ಲೆಯಂಥ ಸೆಲ್, ಸಿಆರ್2032, ಹಳೆಯದಾಗಿದ್ದರೆ ಉದ್ದ ಕರೆಂಟು ಹೋದಾಗ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿಬಿಡುತ್ತದೆ. ಇವೆಂಟಿನ ಶುರುವಿನ ತಾರೀಕು 2021 ಅಂತಿದ್ದು ಯಂತ್ರ ಮಾತ್ರ ಇನ್ನೂ 2015ರಲ್ಲಿದೆ ಅಂದುಕೊಂಡರೆ, ಅದು ಆರು ವರ್ಷ ಕಾಯಲು ತಯಾರಾಗುತ್ತದೆ. ಇಂಟರ್ನೆಟ್ ಬಂದ ಮೇಲೆ ತಾನೇ ಸರಿಹೋಗುತ್ತೆ ಅಂತ ಸುಮ್ನೆ ಇರಬೇಡಿ. ಬೇರೆ ಸರ್ವರ್‌ನ ಕೈಕೆಳಗೆ ಇರದ ಒಂಟಿ ಯಂತ್ರದಲ್ಲಿ ವಿಂಡೋಸ್ 15 ಗಂಟೆಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಸಮಯವನ್ನು ತಾನಾಗಿ ತಿದ್ದಿಕೊಳ್ಳುವುದಿಲ್ಲ. ಸೆಲ್ ಬದಲಿಸಿ, ತಾರೀಕು ಕೈಯಾರೆ ಸರಿ ಮಾಡಿ.

ಸಿಡಿಲಿಗೆ ಹೆದರಿ ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಇಳಿಸುವವರು ನಮ್ಮ ಕಡೆ ತುಂಬಾ ಜನ. ನೀವೂ ಹಾಗೆ ಮಾಡುತ್ತಿದ್ದರೆ 2 ಗಂಟೆ ಅನ್ನುವುದನ್ನು ಬಿಡಿ, ಸಂಜೆ ಅಂಗಡಿ ಮುಚ್ಚುವ ಸ್ವಲ್ಪ ಮೊದಲಿನ ಹೊತ್ತು ಇಡಿ. ಮೇನ್ ಸ್ವಿಚ್ ಇಳಿಸುವುದನ್ನು ಮಾತ್ರ ಬಿಡಬೇಡಿ.

ಪ್ರಶ್ನೆ: ನಾನು ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ. ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸಿನಲ್ಲಿ ದಿನಾ ಬ್ಯಾಕಪ್ ಆಗುತ್ತಿತ್ತು. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹುಡುಗ ಕೆಲಸ ಬಿಟ್ಟು ಮೈಸೂರಿಗೆ ಹೋದ ಮೇಲೆ ಬ್ಯಾಕಪ್ ಫೈಲೇ ಬರುತ್ತಿಲ್ಲ. ಅವನು ಏನಾದರೂ ಕೆಡಿಸಿ ಹೋದನಾ ಅಂತ ಇಲ್ಲಿ ಎಲ್ಲರಿಗೂ ಅನುಮಾನ.
– ಓದುಗರು, ವಿರಾಜಪೇಟೆ

ಉತ್ತರ: ಆ ಹುಡುಗನ ಮೇಲೆ ಅನುಮಾನ ಬೇಡ, ದಯವಿಟ್ಟು. ಇದು ಆಗಾಗ ನಡೆಯುವಂಥದ್ದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಪ್ರತಿ ಜಾಬ್‌ಗೂ ಒಬ್ಬ ಓನರ್ ಇರುತ್ತಾರೆ, ಜಾಬ್ ಮಾಡಿದವರ ಹೆಸರೇ ಅಲ್ಲಿ ಕೂರುತ್ತದೆ. ಅವನು ಹೋದ ಮೇಲೆ ನೀವು ಅವನ ವಿಂಡೋಸ್ ಅಕೌಂಟ್ ತೆಗೆದಿರುತ್ತೀರಿ, ತೆಗೆದದ್ದು ಸರಿಯೇ. ಆದರೆ ಅಲ್ಲಿಂದ ಮುಂದೆ ಜಾಬ್ ಓಡಿಸುವ ಹೊತ್ತಿಗೆ ಏಜೆಂಟ್ (ಹೊತ್ತು ನೋಡಿ ಜಾಬ್ ಓಡಿಸುವ ಸರ್ವೀಸ್) ಆ ಓನರ್‌ನನ್ನು ಹುಡುಕುತ್ತದೆ, ಸಿಗುವುದಿಲ್ಲ, ಜಾಬ್ ಅಲ್ಲಿಗೇ ಬೀಳುತ್ತದೆ. ಜಾಬ್ ಹಿಸ್ಟರಿ ತೆರೆದರೆ ಓನರ್‌ಗೆ ಸರ್ವರ್ ಪ್ರವೇಶ ಇದೆಯೋ ಇಲ್ಲವೋ ತಿಳಿಯುತ್ತಿಲ್ಲ ಅನ್ನುವ ಅರ್ಥದ ಸಾಲು ಕಾಣಬೇಕು. ಜಾಬ್‌ನ ಪ್ರಾಪರ್ಟೀಸ್‌ಗೆ ಹೋಗಿ ಓನರ್ ಜಾಗದಲ್ಲಿ ‘ಎಸ್ಎ’, ಅಂದರೆ ಸರ್ವರ್‌ನದೇ ಅಡ್ಮಿನ್ ಅಕೌಂಟ್, ಹಾಕಿ. ಇನ್ನು ಮುಂದೆ ಯಾವ ಜಾಬ್ ಕೂಡ ಮನುಷ್ಯರ ಹೆಸರಲ್ಲಿ ಇರದ ಹಾಗೆ ನೋಡಿಕೊಳ್ಳಿ.

ಹಿಸ್ಟರಿಯಲ್ಲಿ ಏನೂ ಇಲ್ಲದಿದ್ದರೆ ವಿಂಡೋಸ್ ಸರ್ವೀಸಸ್ ಪಟ್ಟಿಯಲ್ಲಿ ಎಸ್‌ಕ್ಯೂಎಲ್ ಸರ್ವರ್ ಏಜೆಂಟ್ ನೋಡಿ. ಇನ್‌ಸ್ಟಾಲ್ ಮಾಡುವಾಗ ಬದಲಿಸದಿದ್ದರೆ ಅದು ಮ್ಯಾನುಯಲ್ ಅಂತಲೇ ಇರುತ್ತದೆ, ಒಂದು ಸಲ ರೀಸ್ಟಾರ್ಟ್ ಆದರೆ ಯಾರಾದರೂ ಕೈಯಿಂದ ಶುರು ಮಾಡುವ ತನಕ ಏಳಲ್ಲ. ಆಟೊಮ್ಯಾಟಿಕ್ ಮಾಡಿ. ಹಿಸ್ಟರಿ ಖಾಲಿ ಕಾಣಲು ಇನ್ನೊಂದು ಕಾರಣವೂ ಉಂಟು: ಎಲ್ಲ ಜಾಬ್ ಸೇರಿ 1000 ಸಾಲು, ಒಂದೊಂದಕ್ಕೆ 100 ಸಾಲು, ಇಷ್ಟೇ ಅದು ಉಳಿಸಿಕೊಳ್ಳುವುದು. ನಿಮಿಷಕ್ಕೊಮ್ಮೆ ಓಡುವ ಜಾಬ್‌ಗಳು ಸುಮಾರು ಇದ್ದರೆ ಬ್ಯಾಕಪ್‌ನ ಸಾಲುಗಳನ್ನು ಹೊರಗೆ ತಳ್ಳಿಬಿಡುತ್ತವೆ. ಈ ಮಿತಿಯನ್ನು ಏಜೆಂಟಿನ ಪ್ರಾಪರ್ಟೀಸ್‌ನಲ್ಲಿ ಏರಿಸಬಹುದು.

ನಿಮ್ಮದು ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯಾದರೆ ಅದರಲ್ಲಿ ಏಜೆಂಟ್ ಬಳಕೆಗೆ ಸಿಗುವುದಿಲ್ಲ. ಆಗ ಬ್ಯಾಕಪ್ ಓಡುತ್ತಿದ್ದದ್ದು ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ನಿಂದ ಇರಬಹುದು. ಅಲ್ಲಿ ಆ ಟಾಸ್ಕ್ ಯಾರ ಹೆಸರಲ್ಲಿ ಓಡುತ್ತದೆ ನೋಡಿ, ಅದೂ ಅವನ ಅಕೌಂಟೇ ಆಗಿರಬಹುದು. ಕಂಡಿಷನ್ಸ್ ಅನ್ನುವ ಪುಟದಲ್ಲಿ ಕರೆಂಟಿನ ಮೇಲೆ ಇದ್ದಾಗ ಮಾತ್ರ ಶುರು ಮಾಡು, ಬ್ಯಾಟರಿಗೆ ಹೋದರೆ ನಿಲ್ಲಿಸು ಅನ್ನುವ ಎರಡು ಗುರುತುಗಳು ಮೊದಲಿಂದಲೇ ಬಿದ್ದಿರುತ್ತವೆ. ಲ್ಯಾಪ್‌ಟಾಪ್ ಆದರೆ, ಅಥವಾ ಯುಪಿಎಸ್‌ನ ಯುಎಸ್‌ಬಿ ತಂತಿ ಕಂಪ್ಯೂಟರಿಗೆ ಸಿಕ್ಕಿಸಿದ್ದರೆ, ಮಳೆಗಾಲದಲ್ಲಿ ಬ್ಯಾಕಪ್ ತಪ್ಪಲು ಅಷ್ಟೇ ಸಾಕು. ಎರಡನ್ನೂ ತೆಗೆಯಿರಿ. ಸೆಟ್ಟಿಂಗ್ಸ್ ಪುಟದಲ್ಲಿ ಹೊತ್ತು ತಪ್ಪಿದರೆ ಆದಷ್ಟು ಬೇಗ ಓಡಿಸು ಅನ್ನುವುದಕ್ಕೆ ಗುರುತು ಹಾಕಿ. ಕೊಡಗಿನಲ್ಲಿ ಟಾಸ್ಕ್ ಶೆಡ್ಯೂಲರ್ ಬಳಸುವವರು ಈ ಮೂರನ್ನು ಇವತ್ತೇ ನೋಡಿಕೊಳ್ಳಬೇಕು ಅಂತ ನನ್ನ ಮನವಿ.

ಪ್ರಶ್ನೆ: ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಹಳೆಯ ಆರಾಕಲ್ ಡೇಟಾಬೇಸ್. ಡಿಬಿಎಂಎಸ್_ಜಾಬ್ ಅನ್ನುವ ಅದರ ಹಳೆಯ ಶೆಡ್ಯೂಲರ್‌ನಲ್ಲಿ ಹಾಕಿದ್ದ ಒಂದು ಜಾಬ್ ನಿಂತಿದೆ. ಜಾಬ್‌ಗಳ ಪಟ್ಟಿ ಡಿಬಿಎ_ಜಾಬ್ಸ್ ನೋಡಿದರೆ ಮುಂದಿನ ತಾರೀಕು 4000ನೇ ಇಸವಿಯ ಜನವರಿ 1! ಯಾರಾದರೂ ಹ್ಯಾಕ್ ಮಾಡಿದ್ದಾರಾ?
– ಓದುಗರು, ಪೊನ್ನಂಪೇಟೆ

ಉತ್ತರ: ಯಾರೂ ಹ್ಯಾಕ್ ಮಾಡಿಲ್ಲ. ಇನ್ನು ಓಡಿಸುವುದಿಲ್ಲ ಅನ್ನುವುದನ್ನು ಆರಾಕಲ್ ಹಾಗೆ ಬರೆದುಕೊಳ್ಳುತ್ತದೆ. ಅದೇ ಸಾಲಿನಲ್ಲಿ ಬ್ರೋಕನ್ ಅನ್ನುವ ಕಾಲಂನಲ್ಲಿ ‘ವೈ’ ಇರುತ್ತದೆ ನೋಡಿ. ಜಾಬ್ ಬಿದ್ದರೆ ಆರಾಕಲ್ ಒಂದು ನಿಮಿಷ ಬಿಟ್ಟು ಮತ್ತೆ ಓಡಿಸುತ್ತದೆ, ಆಮೇಲೆ ಎರಡು ನಿಮಿಷ, ನಾಲ್ಕು ನಿಮಿಷ, ಹೀಗೆ ಅಂತರ ಹೆಚ್ಚಿಸುತ್ತಾ ಹೋಗಿ 16 ಸಲ ಬಿದ್ದ ಮೇಲೆ ಕೈಬಿಡುತ್ತದೆ. ಅಂದರೆ ನಿಂತಿದ್ದು ನಿಮಗೆ ಇವತ್ತು ಕಂಡಿರಬಹುದು, ಕೆಟ್ಟಿದ್ದು ಅದಕ್ಕಿಂತ ಮೊದಲೇ.

ಆರಾಕಲ್ ಎರರ್ ಬರೆದಿಡುವ ಅಲರ್ಟ್ ಲಾಗ್‌ನಲ್ಲಿ ಓಆರ್‌ಎ-12012 ಅನ್ನುವ ಎರರ್ ನಂಬರ್ ಹುಡುಕಿ. ಅದರ ಕೆಳಗಿನ ಸಾಲುಗಳಲ್ಲೇ ನಿಜವಾದ ಕಾರಣ ಇರುತ್ತದೆ. ಟೇಬಲ್‌ಸ್ಪೇಸ್ (ಡೇಟಾ ಇಡುವ ಜಾಗ) ತುಂಬಿರಬಹುದು, ಡಿಬಿ ಲಿಂಕ್‌ನ (ಇನ್ನೊಂದು ಡೇಟಾಬೇಸಿಗೆ ಇರುವ ಕೊಂಡಿ) ಪಾಸ್‌ವರ್ಡ್ ಬದಲಾಗಿರಬಹುದು, ಯಾರೋ ಕಾಲಂ ತೆಗೆದು ಪ್ರೊಸೀಜರ್ (ಜಾಬ್ ಓಡಿಸುವ ಕೋಡ್) ಇನ್‌ವ್ಯಾಲಿಡ್ ಆಗಿರಬಹುದು. ಮೊದಲು ಅದನ್ನು ಸರಿ ಮಾಡಿ. ಆಮೇಲೆ ಜಾಬ್‌ನ ಒಡೆಯ ಯೂಸರ್ ಆಗಿ ಲಾಗಿನ್ ಆಗಿ ‘ಡಿಬಿಎಂಎಸ್_ಜಾಬ್.ರನ್’ ಕೊಡಿ. ಸರಿಯಾಗಿ ಓಡಿದರೆ ಬ್ರೋಕನ್ ಗುರುತು ತಾನೇ ಹೋಗುತ್ತದೆ, ಮುಂದಿನ ತಾರೀಕೂ ಬರುತ್ತದೆ. ಕೊನೆಗೆ ಕಮಿಟ್ ಕೊಡಿ, ಮರೆಯಬೇಡಿ.

ಒಂದೇ ಜಾಬ್ ನಿಲ್ಲುವ ಬದಲು ಎಲ್ಲವೂ ಒಟ್ಟಿಗೆ ನಿಂತಿದ್ದರೆ ದಾರಿ ಬೇರೆ. ಆಗ ಒಟ್ಟಿಗೆ ಎಷ್ಟು ಜಾಬ್ ಓಡಬಹುದು ಅನ್ನುವ ‘ಜಾಬ್_ಕ್ಯೂ_ಪ್ರೊಸೆಸಸ್’ ಸೆಟ್ಟಿಂಗ್ ನೋಡಿ. ದೊಡ್ಡ ಅಪ್‌ಗ್ರೇಡ್ ಅಥವಾ ಇಂಪೋರ್ಟ್ ಮಾಡುವಾಗ ಅದನ್ನು 0 ಮಾಡಿ, ಮುಗಿದ ಮೇಲೆ ವಾಪಸ್ ಏರಿಸುವುದನ್ನು ಬಿಟ್ಟುಬಿಡುವುದು ತುಂಬಾ ಕಡೆ ನಡೆಯುತ್ತದೆ. ಹಾಗೇ ಈಗ ಓಡುತ್ತಿರುವ ಜಾಬ್‌ಗಳ ಪಟ್ಟಿ ಡಿಬಿಎ_ಜಾಬ್ಸ್_ರನ್ನಿಂಗ್ ಕೂಡ ನೋಡಿ, ನಿನ್ನೆ ಶುರುವಾದದ್ದು ಯಾವುದೋ ಲಾಕ್‌ಗೆ ಕಾದು ಇನ್ನೂ ಮುಗಿಯದೇ ಇದ್ದರೆ ಇವತ್ತಿನದು ಶುರುವಾಗುವುದಿಲ್ಲ.

ಅವಕಾಶ ಇದ್ದರೆ ಡಿಬಿಎಂಎಸ್_ಶೆಡ್ಯೂಲರ್‌ಗೆ ಬದಲಿಸಿಕೊಳ್ಳಿ, ಅದು 10ಜಿ ಆವೃತ್ತಿಯಿಂದಲೇ ಇದೆ. ಪ್ರತಿ ಓಟದ ವಿವರವನ್ನೂ ಎರರ್ ಸಮೇತ 30 ದಿನ ಇಟ್ಟುಕೊಳ್ಳುತ್ತದೆ. ಇಂಥ ಹುಡುಕಾಟದಲ್ಲಿ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಪ್ರಶ್ನೆ: ಕಾಲೇಜು ಪ್ರಾಜೆಕ್ಟಿಗೆ ತೋಟಗಳ ಮಳೆ ಲೆಕ್ಕ ಇಡುವ ಆ್ಯಪ್ ಮಾಡಿದ್ದೇನೆ. ಡೇಟಾಬೇಸ್ ಪೋಸ್ಟ್‌ಗ್ರೆಸ್, ಹೊತ್ತಿಗೆ ಜಾಬ್ ಓಡಿಸಲು ಪಿಜಿ_ಕ್ರಾನ್. ಬೆಳಿಗ್ಗೆ 8:30ಕ್ಕೆ ಹಿಂದಿನ 24 ಗಂಟೆಯ ಮಳೆ ಕೂಡಿಸಬೇಕು. 9 ಗಂಟೆಗೆ ನೋಡಿದರೆ ಓಡಿರುವುದೇ ಇಲ್ಲ.
– ವಿದ್ಯಾರ್ಥಿನಿ, ಕುಶಾಲನಗರ

ಉತ್ತರ: ಮಧ್ಯಾಹ್ನ 2 ಗಂಟೆಯ ನಂತರ ನೋಡಮ್ಮ, ಓಡಿರುತ್ತದೆ. ಪಿಜಿ_ಕ್ರಾನ್ ಹೊತ್ತು ನೋಡುವುದು ಜಿಎಂಟಿಯಲ್ಲಿ, ಅಂದರೆ ಗ್ರೀನಿಚ್ ಸಮಯದಲ್ಲಿ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನೀನು 3 ಗಂಟೆ 0 ನಿಮಿಷ ಅಂತ ಬರೆದರೆ ಇಲ್ಲಿ 8:30 ಆಗುತ್ತದೆ. ಹವಾಮಾನ ಇಲಾಖೆಯ ಮಳೆ ದಿನ ಮುಗಿಯುವುದೂ 8:30ಕ್ಕೇ, ಹಾಗಾಗಿ ನೀನು ಆರಿಸಿದ ಹೊತ್ತು ಸರಿಯಾಗಿದೆ. ಹೊಸ ಆವೃತ್ತಿಗಳಲ್ಲಿ ಕ್ರಾನ್.ಟೈಮ್‌ಜೋನ್ ಸೆಟ್ಟಿಂಗ್ ಇದೆ, ಅದನ್ನು ಏಷ್ಯಾ/ಕೋಲ್ಕತ್ತಾ ಮಾಡಿದರೂ ಆಗುತ್ತದೆ. ಓಡಿದ್ದರ ದಾಖಲೆಗೆ ‘ಕ್ರಾನ್.ಜಾಬ್_ರನ್_ಡೀಟೇಲ್ಸ್’ ನೋಡು.

ಪ್ರಶ್ನೆ: ಹೋಂಸ್ಟೇ ಇದೆ, ಬುಕಿಂಗ್ ಎಲ್ಲ ಮನೆಯ ಕಂಪ್ಯೂಟರಿನಲ್ಲಿ. ಬ್ಯಾಕಪ್ ನಿಂತಿದ್ದು ನನಗೆ ಗೊತ್ತಾಗಿದ್ದೇ ಎರಡು ತಿಂಗಳು ಕಳೆದ ಮೇಲೆ. ನಿಂತ ದಿನವೇ ಗೊತ್ತಾಗಲು ಏನಾದರೂ ದಾರಿ ಇದೆಯಾ?
– ಓದುಗರು, ಕಕ್ಕಬ್ಬೆ

ಉತ್ತರ: ಇದೆ. ಕೆಟ್ಟರೆ ಮೆಸೇಜ್ ಕಳಿಸು ಅಂತ ಜಾಬ್‌ನೊಳಗೆ ಬರೆಯುವುದರಿಂದ ನಿಮಗೆ ಪ್ರಯೋಜನ ಆಗಲ್ಲ, ಓಡದೇ ಇರುವ ಜಾಬ್ ಮೆಸೇಜನ್ನೂ ಕಳಿಸುವುದಿಲ್ಲ. ತಿರುವಿ ಮಾಡಬೇಕು. ಸರಿಯಾಗಿ ಮುಗಿದಾಗ ಅದು ಸಮಯ ಬರೆದಿಡಲಿ, ಆ ಸಮಯ ಹಳೆಯದಾಗಿದೆಯಾ ಅಂತ ಬೇರೊಬ್ಬರು ನೋಡಲಿ. ನಿಮ್ಮ ಬುಕಿಂಗ್ ಪರದೆಯ ತಲೆಯಲ್ಲೇ ‘ಕೊನೆಯ ಬ್ಯಾಕಪ್’ ಅಂತ ತಾರೀಕು ತೋರಿಸಿ, 26 ಗಂಟೆ ದಾಟಿದರೆ ಕೆಂಪಾಗಲಿ. ದಿನಾ ಆ ಪರದೆ ನೋಡುವವರು ನೀವೇ, ಆದ್ದರಿಂದ ಕಣ್ಣಿಗೆ ಬೀಳದೇ ಇರಲ್ಲ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಮಕ್ಕಳಿದ್ದರೆ ಅವರ ಕಂಪ್ಯೂಟರಿಗೂ ಫೈಲಿನ ಒಂದು ಪ್ರತಿ ದಿನಾ ಹೋಗುವ ಹಾಗೆ ಮಾಡಿ, ಒಂದು ದಿನ ಬರದಿದ್ದರೆ ಅವರು ಫೋನ್ ಮಾಡಲಿ. ನಿಮ್ಮಲ್ಲಿ ನೆಟ್‌ವರ್ಕ್ ಹೋದಾಗಲೂ ಫೈಲ್ ಬರಲ್ಲ, ಆಗಲೂ ಅವರು ಫೋನ್ ಮಾಡುತ್ತಾರೆ, ಇರಲಿ ಬಿಡಿ.

ಫೈಲ್ ಇದ್ದರೆ ಸಾಲದು, ಅದು ತೆರೆಯಬೇಕು. ಸೊನ್ನೆ ಗಾತ್ರದ ಬ್ಯಾಕಪ್ ಫೈಲುಗಳು ದಿನಾ ತಪ್ಪದೆ ಬರುತ್ತಿದ್ದ ಉದಾಹರಣೆಗಳಿವೆ, ಡಿಸ್ಕ್ ತುಂಬಿದರೆ ಹಾಗೆ ಆಗುತ್ತದೆ. ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಒಂದು ಫೈಲನ್ನು ಬೇರೆ ಕಂಪ್ಯೂಟರಿಗೆ ಹಾಕಿ ರಿಸ್ಟೋರ್ ಮಾಡಿ, ಹಿಂದಿನ ದಿನದ ಬುಕಿಂಗ್ ಅದರಲ್ಲಿ ಇದೆಯಾ ನೋಡಿ. ಯುಪಿಎಸ್‌ನ ಬ್ಯಾಟರಿಯನ್ನೂ ಅದೇ ದಿನ ಪರೀಕ್ಷೆ ಮಾಡಿಸಿಬಿಡಿ.