ಕುಳಿತಾಗ ಆಕ್ಸಿಜನ್ 96, ನಡೆದರೆ ಏದುಸಿರು

ಪ್ರಶ್ನೆ: ಅಪ್ಪ 24 ವರ್ಷ ಕಾರ್ಖಾನೆಯೊಂದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಶೀಟ್ ಕೊಯ್ಯುತ್ತಿದ್ದರು. ಗೋಳಗುಮ್ಮಟದ ಮೆಟ್ಟಿಲನ್ನು ನಿಲ್ಲದೆ ಹತ್ತುತ್ತಿದ್ದವರು ಈಗ ಹಾಲು ತರಲು ಹೋದರೆ ದಾರಿಯಲ್ಲಿ ಎರಡು ಸಲ ಕೂರುತ್ತಾರೆ. ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿ, ‘ಆಕ್ಸಿಜನ್ 96 ಇದೆ, ಏನೂ ಆಗಿಲ್ಲ’ ಎಂದರು. ಪರಿಹಾರ ಸಿಗುತ್ತದಾ?
– ಓದುಗರು, ವಿಜಯಪುರ

ಉತ್ತರ: ಕುಳಿತವರಿಗೆ 96 ಇರುವುದು ದೊಡ್ಡ ಮಾತಲ್ಲ. ನಡೆದಾಗ ಎಷ್ಟಕ್ಕೆ ಇಳಿಯುತ್ತದೆ ಅನ್ನೋದನ್ನು ನೋಡಬೇಕು, ಅಲ್ವಾ? ಅದಕ್ಕೆ 6 ನಿಮಿಷದ ನಡಿಗೆ ಪರೀಕ್ಷೆ ಇದೆ. ಕಲ್ನಾರಿನ ಎಳೆ ಹೊಕ್ಕ ಶ್ವಾಸಕೋಶ ನಿಧಾನವಾಗಿ ಗಡುಸಾಗುತ್ತದೆ, ಕಾಯಿಲೆ ಕಾಣಿಸಿಕೊಳ್ಳಲು 10ರಿಂದ 40 ವರ್ಷವೂ ಹಿಡಿಯಬಹುದು, ಎಕ್ಸ್‌ರೇಯಲ್ಲಿ ಕಾಣದ್ದು ಎಚ್‌ಆರ್‌ಸಿಟಿಯಲ್ಲಿ (ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಸಿಟಿ ಸ್ಕ್ಯಾನ್) ಕಾಣಬಹುದು. ಸ್ಪೈರೋಮೆಟ್ರಿ ಜೊತೆಗೆ ಡಿಎಲ್‌ಸಿಒ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಮೊದಲನೆಯದು ಎಷ್ಟು ಗಾಳಿ ಹಿಡಿಯುತ್ತದೆ ಎಂದು ಹೇಳಿದರೆ, ಎರಡನೆಯದು ಗಾಳಿ ರಕ್ತಕ್ಕೆ ಎಷ್ಟು ದಾಟುತ್ತದೆ ಎಂದು ತೋರಿಸುತ್ತದೆ. ಬೀಡಿ ಸೇದುತ್ತಿದ್ದರೆ ಮುಚ್ಚಿಡಬೇಡಿ, ಹೇಗೂ ಕೇಳೇ ಕೇಳುತ್ತಾರೆ.

ಕಲ್ನಾರಿನಿಂದ ಶ್ವಾಸಕೋಶಕ್ಕೆ ಬರುವ ಈ ಕಾಯಿಲೆಯ ಹೆಸರು ಆಸ್ಬೆಸ್ಟೋಸಿಸ್. ಅದು ಕೆಲಸದಿಂದ ಬರುವ ರೋಗ ಎಂದು ಕಾನೂನೇ ಒಪ್ಪಿದೆ, ಹಾಗಾಗಿ ಪರಿಹಾರ ಕೇಳಬಹುದು. ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ ಕನಿಷ್ಠ 40 ವರ್ಷ ಇಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅದನ್ನು ಕಾರ್ಖಾನೆಯಿಂದ ಬರವಣಿಗೆಯಲ್ಲಿ ಕೇಳಿ. ಹಳೆಯ ಸಂಬಳದ ಚೀಟಿ, ಇಎಸ್‌ಐ ಕಾರ್ಡ್ ಸಿಕ್ಕರೆ ಜೋಪಾನ.