ನಾಯಿಯ ಕಥೆ ಬರೆದಾಗ ಸಪ್ಪೆ ಆಗುವುದೇಕೆ?

ನಾಯಿಯ ತುಂಟಾಟ ಬಾಯಲ್ಲಿ ಹೇಳಿದರೆ ಎಲ್ಲರೂ ನಗುತ್ತಾರೆ, ಬರೆದರೆ ಸಪ್ಪೆ ಅಂತ ಕೇಳಿದ್ದೀರಿ. ನೀವು ಕೊಟ್ಟ ಸಾಲನ್ನೇ ನೋಡಿ: ‘ನಮ್ಮ ನಾಯಿ ತುಂಬಾ ತುಂಟ, ಚಪ್ಪಲಿ ಕಚ್ಚಿ ಹಾಕಿತು.’ ತುಂಟ ಅಂತ ನೀವೇ ಮೊದಲು ಹೇಳಿಬಿಟ್ಟರೆ ಓದುವವರಿಗೆ ಏನು ಉಳಿಯಿತು? ಯಾರ ಚಪ್ಪಲಿ, ಅವರು ಆಗ ಏನು ಮಾಡುತ್ತಿದ್ದರು, ಅದನ್ನು ಬರೆಯಿರಿ. ನಿಮ್ಮ ಹಳೇ ಚಪ್ಪಲಿ ಬಿಟ್ಟು ನೆಂಟರ ಹೊಸದನ್ನೇ ಆರಿಸಿದ್ದರೆ ಅರ್ಧ ಕಥೆ ಅಲ್ಲೇ ಇದೆ.

ಆಮೇಲೆ ನಾಯಿ ಮಾಡುವ ಆ ‘ತಪ್ಪಾಯ್ತು’ ಅನ್ನುವ ಮುಖದ ವರ್ಣನೆ ಮಾತ್ರ ಬೇಡ, ಜಾಸ್ತಿ ಸವೆದಿದೆ. ನಾಯಿಗಳ ವರ್ತನೆ ಅಧ್ಯಯನ ಮಾಡುವ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಾಯಿಗಳು ಆ ಮುಖ ಮಾಡಿದ್ದು ತಪ್ಪು ಮಾಡಿದ್ದಕ್ಕಲ್ಲ, ಸಾಕಿದವರು ಗದರಿದ್ದಕ್ಕೆ ಅಂತ ಕಂಡುಬಂತು. ಹಾಗಾಗಿ ನಗು ಸ್ವಲ್ಪ ನಿಮ್ಮ ಮೇಲೂ ಬರಲಿ. ನಾಯಿಗೆ ನಿಂತು ಭಾಷಣ ಬಿಗಿದವರು ನೀವೇ ಅಲ್ವಾ?